ಮೂರು ವರ್ಷ ಹಳೆಯ ಫ್ಲ್ಯಾಟ್: ಬಿಲ್ಡರ್‌ನ ವಾರಂಟಿ ನಮಗೂ ಸಿಗುತ್ತದೆಯೇ? ಅನುಭವಸ್ಥರು ತಿಳಿಸಿ

ಪ್ರಶ್ನೆ: ಯಲಹಂಕದಲ್ಲಿ ಮೂರು ವರ್ಷ ಹಳೆಯ ಫ್ಲ್ಯಾಟೊಂದನ್ನು ಕೊಳ್ಳುವ ಮಾತುಕತೆ ನಡೆದಿದೆ. ರೇರಾ (ಫ್ಲ್ಯಾಟ್, ನಿವೇಶನ ಕೊಳ್ಳುವವರ ರಕ್ಷಣೆಗಿರುವ ಸ್ಥಿರಾಸ್ತಿ ಕಾಯ್ದೆ) ಪ್ರಕಾರ ಬಿಲ್ಡರ್‌ನ ಐದು ವರ್ಷದ ಹೊಣೆಯಲ್ಲಿ ಇನ್ನೂ ಎರಡು ವರ್ಷ ಉಳಿದಿದೆಯೆಂದು ಹೇಳಿ, ಮಾರುವವರು ಬೆಲೆ ಇಳಿಸಲು ಒಪ್ಪುತ್ತಿಲ್ಲ. ಇದನ್ನು ನಂಬಬಹುದೇ?

ಉತ್ತರಹಳ್ಳಿಯಿಂದ: ಹೊಣೆ ಇರುವುದು ನಿಜ. 2016ರ ಈ ರೇರಾ ಕಾಯ್ದೆಯ ಕಲಂ 14(3)ರಂತೆ ಕಟ್ಟಡದ ರಚನೆ, ಕೆಲಸಗಾರಿಕೆ ಅಥವಾ ಗುಣಮಟ್ಟದ ದೋಷವನ್ನು ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ತಿಳಿಸಿದರೆ, ಬಿಲ್ಡರ್ 30 ದಿನಗಳಲ್ಲಿ ಸ್ವಂತ ಖರ್ಚಿನಿಂದ ಸರಿಪಡಿಸಬೇಕು. ಮರುಮಾರಾಟದಲ್ಲಿ ಕೊಂಡವರೂ ಕಲಂ 2(ಡಿ) ಪ್ರಕಾರ ಹಕ್ಕುದಾರರೇ. ಆದರೆ ನನಗಾದದ್ದನ್ನು ಕೇಳಿ. ನಮ್ಮ ಬಚ್ಚಲಿನಲ್ಲಿ ಕೊಳವೆಗಳಿಗಾಗಿ ತಗ್ಗಿಸಿ ಕಟ್ಟಿ ಮೇಲೆ ಮಣ್ಣು ತುಂಬಿದ ಸಂಕನ್ ಸ್ಲ್ಯಾಬ್‌ನಲ್ಲಿ ನೀರು ನಿಂತು, ಕೆಳಮನೆಯವರ ಚಾವಣಿಯಲ್ಲಿ ಬಿಳಿ ಉಪ್ಪು ಅರಳಿ, ಪುಟ್ಟಿ ಬೆರಳು ತಾಗಿದರೆ ಉದುರುತ್ತಿತ್ತು. ಹಿಂದಿನ ಮಾಲೀಕರು ಗೀಸರ್ ಕೂರಿಸಲು ಗೋಡೆ ಕೊರೆದಿದ್ದರಿಂದಲೇ ಹೀಗಾಯಿತೆಂದು ಬಿಲ್ಡರ್ ಕೈತೊಳೆದುಕೊಂಡರು. ಟೈಲ್ಸ್ ಒಡೆದು ತುಂಬಿದ ಮಣ್ಣನ್ನೆಲ್ಲ ತೆಗೆಸಲು 18,000, ವಾಟರ್‌ಪ್ರೂಫಿಂಗ್‌ಗೆ 32,000, ಹೊಸ ಟೈಲ್ಸ್ ಮತ್ತು ಕೂಲಿಗೆ 41,000, ಕೆಳಮನೆಯ ಬಣ್ಣಕ್ಕೆ 14,500 ರೂಪಾಯಿ ನನ್ನ ಕೈಯಿಂದಲೇ ಹೋಯಿತು. ನನಗೆ ಮಾರಿದವರು ಮಾರುವ ಮುನ್ನ ಆ ಚಾವಣಿಗೆ ತಾವೇ ಬಣ್ಣ ಹೊಡೆಸಿಕೊಟ್ಟಿದ್ದರೆಂದು ಕೆಳಮನೆಯವರು ಆಮೇಲೆ ಹೇಳಿದರು. ಮಾರುವವರ ಮಾತಿಗೆ ಬೆಲೆಯೇ ಇಲ್ಲ.

ಮೈಸೂರಿನಿಂದ: ಎಲ್ಲ ಮಾರಾಟಗಾರರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಾನು ಬೆಂಗಳೂರಿನ ಫ್ಲ್ಯಾಟ್ ಮಾರುವಾಗ ಬಾಲ್ಕನಿಯ ಸೀಳು, ಮಳೆಗಾಲದಲ್ಲಿ ಕಿಟಕಿಯ ಕೆಳಗೆ ಮೂಡುವ ತೇವ, ಬಿಲ್ಡರ್‌ಗೆ ಬರೆದಿದ್ದ ಇಮೇಲ್‌ಗಳು ಎಲ್ಲವನ್ನೂ ಕರಾರುಪತ್ರಕ್ಕೆ ಲಗತ್ತಿಸಿದೆ. ಅದರಿಂದ ಎರಡೂವರೆ ಲಕ್ಷ ಕಡಿಮೆ ಬೆಲೆಗೆ ಒಪ್ಪಬೇಕಾಯಿತು. ಅದಕ್ಕೆ ಇಂದಿಗೂ ವಿಷಾದವಿಲ್ಲ. ಸಾಮಾನ್ಯ ಎಚ್ಚರಿಕೆಯಿಂದ ಕೊಳ್ಳುವವರ ಕಣ್ಣಿಗೆ ಬೀಳದ ಮುಖ್ಯ ದೋಷ ತಮಗೆ ಗೊತ್ತಿದ್ದರೆ ಮಾರುವವರು ಅದನ್ನು ತಿಳಿಸಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 55 ಹೇಳುತ್ತದೆ. ತಾವು ಕೆಳಮನೆಯವರನ್ನು ಕೊಳ್ಳುವ ಮೊದಲೇ ವಿಚಾರಿಸಬಹುದಿತ್ತಲ್ಲವೇ?

ಉತ್ತರಹಳ್ಳಿಯಿಂದ: ಕೊಳ್ಳುವ ಮೊದಲು ಅಪರಿಚಿತರ ಮನೆಯ ಬಾಗಿಲು ತಟ್ಟಿ ಬಚ್ಚಲು ತೋರಿಸಿ ಎನ್ನಬೇಕೆ? ಬಣ್ಣ ಬಳಿದು ಮುಚ್ಚಿಟ್ಟವರನ್ನು ಬಿಟ್ಟು ಮೋಸಹೋದವರನ್ನು ಪ್ರಶ್ನಿಸುತ್ತಿದ್ದೀರಿ. ಇದು ನ್ಯಾಯವಲ್ಲ ಸ್ವಾಮಿ.

ನಾಗರಬಾವಿಯಿಂದ: ನಿಮ್ಮಿಬ್ಬರಿಗೂ ಕಾನೂನಿನ ಆಸರೆಯಾದರೂ ಇತ್ತು. ನಮ್ಮದು 30×40 ಅಡಿ ನಿವೇಶನದಲ್ಲಿ ಕಟ್ಟಿದ ಆರು ಫ್ಲ್ಯಾಟ್‌ಗಳ ಕಟ್ಟಡ. 500 ಚದರ ಮೀಟರ್ ಮೀರದ ಜಾಗದ ಅಥವಾ ಎಂಟಕ್ಕಿಂತ ಹೆಚ್ಚಿಲ್ಲದ ಫ್ಲ್ಯಾಟ್‌ಗಳ ಯೋಜನೆಗೆ ರೇರಾ ನೋಂದಣಿ ಬೇಕಿಲ್ಲವಾದ್ದರಿಂದ, ಐದು ವರ್ಷದ ಮಾತೇ ತಮಗೆ ಅನ್ವಯಿಸದೆಂದು ಬಿಲ್ಡರ್ ವಾದಿಸಿದರು. ಗ್ರಾಹಕರ ಆಯೋಗಕ್ಕೆ ಹೋಗೋಣವೆಂದರೆ ಅಲ್ಲಿ ಎರಡು ವರ್ಷದ ಕಾಲಮಿತಿ ದಾಟಿತ್ತು. ತಾರಸಿಯ ಸೋರಿಕೆಗೆ ಪ್ರತಿ ಮನೆಯವರೂ 38,000 ರೂಪಾಯಿ ಹಾಕಿದೆವು. ಒಂದು ಮನೆಯವರು ಕೊಡದೆ ಹೋದದ್ದರಿಂದ ಉಳಿದವರ ಮೇಲೆ ಬಿದ್ದ ಹೊರೆಯ ಜಗಳ ಇನ್ನೂ ಮುಗಿದಿಲ್ಲ.

ಮೈಸೂರಿನಿಂದ: ಕೊಡದ ಮನೆಯವರು ನೆಲಮಹಡಿಯಲ್ಲಿದ್ದರೆ ಅವರ ಆಕ್ಷೇಪವನ್ನೂ ಕೇಳಬೇಕಿತ್ತು.

ನಾಗರಬಾವಿಯಿಂದ: ತಾರಸಿ ಎಲ್ಲರಿಗೂ ಸೇರಿದ್ದು. ಕ್ರಯಪತ್ರದಲ್ಲಿ ಇಡೀ ಜಾಗದ ಅವಿಭಾಜ್ಯ ಪಾಲು ಬರೆಸಿಕೊಂಡವರು ಖರ್ಚಿನ ಹೊತ್ತಿಗೆ ನೆಲಮಹಡಿಯ ನೆಪ ಹೇಳುವುದನ್ನು ನಾನು ಒಪ್ಪುವುದಿಲ್ಲ, ತಾವು ಎಷ್ಟೇ ಸಮರ್ಥಿಸಿದರೂ.

ಉತ್ತರಹಳ್ಳಿಯಿಂದ: ತಾರಸಿಯ ವಿಷಯವನ್ನು ನೀವಿಬ್ಬರೂ ಬೇರೆಡೆ ಇತ್ಯರ್ಥ ಮಾಡಿಕೊಳ್ಳಿ. ಪ್ರಶ್ನೆ ಕೇಳಿದವರೇ, ಆ ಐದು ವರ್ಷ ನಿಮ್ಮ ನೋಂದಣಿಯ ದಿನದಿಂದ ಹೊಸದಾಗಿ ಶುರುವಾಗುವುದಿಲ್ಲ. ಮೊದಲು ಕೊಂಡವರಿಗೆ ಬಿಲ್ಡರ್ ಕೊಟ್ಟ ಸ್ವಾಧೀನಪತ್ರದ, ಅಂದರೆ ಪೊಸೆಷನ್ ಲೆಟರ್‌ನ ತಾರೀಖು ನೋಡಿ, ಅದರ ಪ್ರತಿಯನ್ನು ಮುಂಗಡ ಕೊಡುವ ಮೊದಲೇ ಪಡೆಯಿರಿ. ನನ್ನ ವಿಷಯದಲ್ಲಿ ಬಿಲ್ಡರ್ ಗೀಸರ್‌ನ ನೆಪ ಬಿಟ್ಟ ಮೇಲೆ ಹಿಡಿದದ್ದು ಇದೇ ತಾರೀಖಿನ ತಕರಾರನ್ನು.