ಲಾವಾಕಲ್ಲಿನ ಬಿಳಿ ಚುಕ್ಕೆಗೆ ಕನ್ನಡದಲ್ಲಿ ಏನನ್ನುತ್ತಾರೆ?

ಎಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರಿನ ಹೈಸ್ಕೂಲ್ ಮಕ್ಕಳಿಗಾಗಿ ನಮ್ಮ ಬೆಟ್ಟಗಳ ಕಲ್ಲಿನ ಬಗ್ಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಅದಕ್ಕೆ ಒಂದು ಪದ ಬೇಕು.

ಬಾಬಾಬುಡನ್ ಸಾಲಿನಲ್ಲಿ ಕಪ್ಪು ಹಸಿರು ಬಣ್ಣದ ಕಲ್ಲು ಸಿಗುತ್ತದೆ. ಅದು ಒಂದು ಕಾಲದ ಲಾವಾ. ವಯಸ್ಸು ಸುಮಾರು 270ರಿಂದ 290 ಕೋಟಿ ವರ್ಷ. ಈ ಕಲ್ಲಿನ ಮೈಮೇಲೆ ಕೆಲವು ಕಡೆ ಬಿಳಿ ಚುಕ್ಕೆಗಳಿರುತ್ತವೆ. ಕೆಲವು ದುಂಡಗೆ, ಕೆಲವು ನೀಳ. ನನಗೆ ಹೆಸರು ಬೇಕಾಗಿರುವುದು ಈ ಚುಕ್ಕೆಗೆ.

ಲಾವಾ ಹರಿಯುವಾಗ ಅದರೊಳಗಿನ ಅನಿಲ, ಕುದಿಯುವ ಅಂಬಲಿಯಲ್ಲಿ ಎದ್ದ ಹಾಗೆ, ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಗುಳ್ಳೆ ಒಡೆಯುವ ಮೊದಲೇ ಲಾವಾ ಗಟ್ಟಿಯಾದರೆ ಅಲ್ಲೊಂದು ಪೊಳ್ಳು ಉಳಿಯುತ್ತದೆ. ಆಮೇಲೆ ಕಲ್ಲಿನ ಸಂದಿಯಲ್ಲಿ ಹರಿದ ಬಿಸಿನೀರು ಖನಿಜ ತಂದು ಅದನ್ನು ತುಂಬುತ್ತದೆ. ಹೆಚ್ಚಾಗಿ ಬೆಣಚು, ಇಲ್ಲವೇ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ. ಅದೇ ಈ ಬಿಳಿ ಚುಕ್ಕೆ.

ಆಳ ಸಮುದ್ರದಲ್ಲಿ ನೀರಿನ ಒತ್ತಡ ಜಾಸ್ತಿ, ಗುಳ್ಳೆ ಅರಳುವುದು ಕಷ್ಟ. ಹಾಗಾಗಿ ಕಲ್ಲಿನಲ್ಲಿ ಗುಳ್ಳೆ ತುಂಬಾ ಇದ್ದರೆ ಲಾವಾ ಬಯಲಿನಲ್ಲೋ ಆಳವಿಲ್ಲದ ನೀರಿನಲ್ಲೋ ಹರಿದಿದೆ ಎಂದು ಊಹಿಸಬಹುದು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಲಾವಾ ನೀರಿನಡಿ ತಣಿದು ದಿಂಬು ದಿಂಬಾಗಿ ನಿಂತಿದೆ. ಎರಡೂ ನಮ್ಮ ಸೀಮೆಯವೇ. ಈ ಎರಡು ಬಗೆಯ ಲಾವಾದ ವ್ಯತ್ಯಾಸವನ್ನು ಮಕ್ಕಳು ಕಲ್ಲು ನೋಡಿಯೇ ಗುರುತಿಸಬೇಕು ಅನ್ನುವುದು ನನ್ನ ಆಸೆ. ಅದಕ್ಕೇ ಬಾಯಲ್ಲಿ ನಿಲ್ಲುವ ಪದ ಹುಡುಕುತ್ತಿದ್ದೇನೆ.

ಇಂಗ್ಲಿಷಿನಲ್ಲಿ ಈ ಚುಕ್ಕೆ ಅಮಿಗ್ಡ್ಯೂಲ್. ಗ್ರೀಕ್ ಮೂಲದಲ್ಲಿ ಬಾದಾಮಿ ಎಂದು ಅರ್ಥ. ನಾವು 'ಬಾದಾಮಿಕಲ್ಲು' ಅಂದರೆ ಎಲ್ಲರಿಗೂ ಬಾದಾಮಿ ಊರಿನ ಕೆಂಪು ಮರಳುಗಲ್ಲೇ ನೆನಪಾಗುತ್ತದೆ, ಅಲ್ವಾ? ಅದು ಬೇರೆಯೇ ಜಾತಿಯ ಕಲ್ಲು.

ನನಗೆ ಮೊದಲು ಹೊಳೆದದ್ದು 'ಕಣ್ಣು'. ತೆಂಗಿನಕಾಯಿಗೆ ಕಣ್ಣು, ಕಬ್ಬಿನ ಗೆಣ್ಣಿಗೆ ಕಣ್ಣು, ನವಿಲುಗರಿಗೆ ಕಣ್ಣು ಅನ್ನುತ್ತೇವೆ. ಆದರೆ ಒಂದು ತೊಡಕಿದೆ. ನೈಸ್ ಎಂಬ ಪಟ್ಟೆ ಪಟ್ಟೆ ಕಲ್ಲಿನ ಒಂದು ಬಗೆಗೆ ಭೂವಿಜ್ಞಾನಿಗಳು ಜರ್ಮನ್ ಮಾತಿನಲ್ಲಿ ಕಣ್ಣಿನ ಹೆಸರನ್ನೇ ಕೊಟ್ಟಿದ್ದಾರೆ. ಆ ಕಣ್ಣು ಗುಳ್ಳೆಯಿಂದ ಆದದ್ದಲ್ಲ, ಒತ್ತಡಕ್ಕೆ ಸಿಕ್ಕಿದ ದಪ್ಪ ಹರಳು. ಹಾಸನ, ಚಿಕ್ಕಮಗಳೂರು ನಿಂತಿರುವುದೇ ನೈಸ್ ಮೇಲೆ. ಎರಡಕ್ಕೂ ಒಂದೇ ಹೆಸರಾದರೆ ಗೊಂದಲ.

ಈಗ 'ತುಂಬುಗುಳ್ಳೆ' ಎಂದು ಬರೆದುಕೊಂಡಿದ್ದೇನೆ. ಖಾಲಿ ಉಳಿದದ್ದು ಬರೀ ಗುಳ್ಳೆ, ಖನಿಜ ತುಂಬಿದ್ದು ತುಂಬುಗುಳ್ಳೆ. ಆದದ್ದು ಹೇಗೆ ಅನ್ನುವುದು ಹೆಸರಿನಲ್ಲೇ ಇದೆ. ನಿಮ್ಮ ಕಿವಿಗೆ ಹಿಡಿಸುತ್ತದೆಯೇ?

ಇನ್ನೊಂದು ಕೋರಿಕೆ. ತರೀಕೆರೆ, ಕಡೂರು, ಅರಸೀಕೆರೆ ಕಡೆಯ ಕಲ್ಲುಕುಟಿಗರು, ಬಾವಿ ತೋಡುವವರು ಇಂಥ ಕಲ್ಲನ್ನು ಏನೆಂದು ಕರೆಯುತ್ತಾರೆ? ಅವರ ಬಾಯಲ್ಲಿ ಪದ ಇದ್ದರೆ ನನ್ನದನ್ನು ಬಿಟ್ಟು ಅದನ್ನೇ ಹಾಕುತ್ತೇನೆ. ಕೇಳಿದ ಊರಿನ ಹೆಸರನ್ನೂ ದಯವಿಟ್ಟು ಬರೆಯಿರಿ.