‘ಏಜೆನ್ಸಿ ಕಾಸ್ಟ್’ ಎಂಬುದಕ್ಕೆ ‘ಪಾರುಪತ್ಯದ ವೆಚ್ಚ’ ಒಪ್ಪುತ್ತದೆಯೇ?

ಮಾನ್ಯರೆ,

ಮಡಿಕೇರಿಯಲ್ಲಿ ಆನರ್ಸ್ ವಿದ್ಯಾರ್ಥಿಗಳಿಗೆ ಕಂಪನಿ ಹಣಕಾಸಿನ ಸಂಶೋಧನಾ ಪ್ರಬಂಧಗಳನ್ನು ಓದಿಸುವಾಗ ಪ್ರತಿ ವರ್ಷವೂ ಒಂದೇ ಪದದ ಬಳಿ ನಾವು ತಡವರಿಸುತ್ತೇವೆ. ಪ್ರಬಂಧಗಳು ಇಂಗ್ಲಿಷಿನವು, ಚರ್ಚೆ ಮಾತ್ರ ಕನ್ನಡದಲ್ಲಿ. ಓದಿದ್ದರ ಸಾರವನ್ನು ಈ ಸಲ ಎರಡು ಪುಟ ಕನ್ನಡದಲ್ಲಿ ಬರೆದು ತರಬೇಕೆಂದು ನಾನೇ ಹೇಳಿದ್ದರಿಂದ, ಮಾತಿನಲ್ಲಿ ಹೇಗೋ ದಾಟಿಹೋಗುತ್ತಿದ್ದ ತೊಡಕು ಈಗ ಕಾಗದದ ಮೇಲೆ ಬಂದು ಕುಳಿತಿದೆ. ಆ ಪದ ‘ಏಜೆನ್ಸಿ ಕಾಸ್ಟ್’.

ಮೈಕೇಲ್ ಜೆನ್ಸನ್ ಮತ್ತು ವಿಲಿಯಂ ಮೆಕ್ಲಿಂಗ್ 1976ರ ತಮ್ಮ ಪ್ರಬಂಧದಲ್ಲಿ ಕೊಟ್ಟ ಅರ್ಥ ಹೀಗಿದೆ: ಒಬ್ಬರು ತಮ್ಮ ಪರವಾಗಿ ಕೆಲಸ ನಡೆಸಲು ಇನ್ನೊಬ್ಬರನ್ನು ನೇಮಿಸಿ, ತೀರ್ಮಾನ ಮಾಡುವ ಅಧಿಕಾರದಲ್ಲಿಯೂ ಒಂದು ಪಾಲನ್ನು ಅವರ ಕೈಗಿತ್ತಾಗ, ಇಬ್ಬರ ಹಿತವೂ ಎಲ್ಲ ಕಡೆ ಒಂದೇ ಆಗಿರುವುದಿಲ್ಲ, ಆ ಅಂತರದಿಂದ ಹುಟ್ಟುವ ವೆಚ್ಚವೇ ಇದು. ಅದರಲ್ಲಿ ಮೂರು ಭಾಗಗಳು. ಕೆಲಸದವನ ಮೇಲೆ ಕಣ್ಣಿಡಲು ಒಡೆಯನು ಮಾಡುವ ಖರ್ಚು ಒಂದು, ತಾನು ಒಡೆಯನ ಹಿತ ಕೆಡಿಸುವುದಿಲ್ಲವೆಂದು ತೋರಿಸಿಕೊಡಲು ಕೆಲಸದವನು ಮಾಡುವ ಖರ್ಚು ಇನ್ನೊಂದು, ಇವೆರಡರ ನಂತರವೂ ತಪ್ಪದೆ ಉಳಿಯುವ ನಷ್ಟ ಮೂರನೆಯದು.

ಇದನ್ನು ‘ಏಜೆನ್ಸಿ ವೆಚ್ಚ’ ಎಂದು ಬರೆದರೆ ಕನ್ನಡದ ಓದುಗನಿಗೆ ಗ್ಯಾಸ್ ಏಜೆನ್ಸಿ, ಪತ್ರಿಕೆಯ ಏಜೆನ್ಸಿ ನೆನಪಾಗಿ, ಏಜೆನ್ಸಿ ಪಡೆಯಲು ಕಟ್ಟುವ ಠೇವಣಿಯೆಂಬ ಅರ್ಥ ಹೊಳೆಯುತ್ತದೆ. ಒಂದು ಸಂಸ್ಥೆ ಒಪ್ಪಂದದ ಮೇಲೆ ಬೇರೆ ಕಂಪನಿಗಳ ಆಡಳಿತ ನಡೆಸುತ್ತಿದ್ದ, ನಮ್ಮಲ್ಲಿ 1970ರಲ್ಲಿ ಕೊನೆಗೊಂಡ ಮ್ಯಾನೇಜಿಂಗ್ ಏಜೆನ್ಸಿ ಪದ್ಧತಿಯನ್ನು ಬಲ್ಲ ಹಿರಿಯರಿಗೆ ಮತ್ತೊಂದೇ ಅರ್ಥ. ಕೆಲಸ ಒಪ್ಪಿಸುವ ಒಡೆಯನಿಗೆ ಇಂಗ್ಲಿಷಿನಲ್ಲಿರುವ ‘ಪ್ರಿನ್ಸಿಪಲ್’ ಎಂಬುದರ ಗತಿ ಇನ್ನೂ ಕಷ್ಟದ್ದು: ಒಬ್ಬ ವಿದ್ಯಾರ್ಥಿ ನಿಘಂಟು ನೋಡಿ ‘ಅಸಲು’ ಎಂದು ಬರೆದ, ಮತ್ತೊಬ್ಬಳು ‘ಪ್ರಾಂಶುಪಾಲರಿಗೂ ಏಜೆಂಟರಿಗೂ ಇರುವ ಹಿತಸಂಘರ್ಷ’ ಎಂದು ಬರೆದಿದ್ದಳು. ಅದನ್ನು ತಿದ್ದಲು ನನಗೆ ಮನಸ್ಸೇ ಬರಲಿಲ್ಲ.

ತರಗತಿಯಲ್ಲಿ ನಾನು ಕೊಡುವ ಉದಾಹರಣೆ ಕಾಫಿ ತೋಟದ ರೈಟರದು. (ಬೇರೆ ಜಿಲ್ಲೆಯವರಿಗಾಗಿ: ಇಲ್ಲಿ ರೈಟರು ಎಂದರೆ ಲೇಖಕರಲ್ಲ, ತೋಟದ ಆಳು-ಲೆಕ್ಕ ನೋಡಿಕೊಳ್ಳುವವರು.) ಸಾಹುಕಾರರು ಬೆಂಗಳೂರಿನಲ್ಲಿದ್ದಾರೆ, ತೋಟ ಸಿದ್ದಾಪುರದ ಕಡೆ ಇದೆ ಎಂದುಕೊಳ್ಳೋಣ. ಹದಿನೈದು ದಿನಕ್ಕೊಮ್ಮೆ ಬಂದು ಹಾಜರಿ ಪುಸ್ತಕವನ್ನೂ ಕಣದಲ್ಲಿ ಒಣಗುವ ಕಾಫಿಯನ್ನೂ ನೋಡಿಹೋಗುವ ಓಡಾಟ ಮೊದಲನೆಯ ವೆಚ್ಚ. ಯಾರೂ ಕೇಳದಿದ್ದರೂ ರೈಟರು ಪ್ರತಿ ಚೀಲದ ತೂಕದ ಚೀಟಿಯನ್ನು ಜೋಡಿಸಿಟ್ಟು ತೋರಿಸುವುದು ಎರಡನೆಯದು. ಮೂರನೆಯದೇ ಬಹಳ ಸ್ವಾರಸ್ಯದ್ದು: ಫೆಬ್ರವರಿ, ಮಾರ್ಚಿನಲ್ಲಿ ಕಾಫಿಯ ಹೂ ಅರಳಿಸುವ ಹೂಮಳೆ ಬಾರದಿದ್ದರೆ ರೊಬಸ್ಟಾ ಗಿಡಗಳಿಗೆ ಸ್ಪ್ರಿಂಕ್ಲರ್‌ನಿಂದ ನೀರು ಹಾಯಿಸಬೇಕು, ಆದರೆ ಯಾವ ದಿನ ಶುರು ಮಾಡಬೇಕೆಂಬುದನ್ನು ಮೊಗ್ಗು ನೋಡಿದವರೇ ಹೇಳಬಲ್ಲರು, ಡೀಸೆಲ್ಲಿನ ಖರ್ಚಿಗೆ ನಾಳೆ ಉತ್ತರ ಹೇಳಬೇಕಾದ ರೈಟರು ಸಾಹುಕಾರರ ಫೋನಿಗಾಗಿ ಎರಡು ದಿನ ಕಾಯುತ್ತಾರೆ. ಯಾರೂ ಕದ್ದಿಲ್ಲ, ಯಾರೂ ಸುಳ್ಳು ಹೇಳಿಲ್ಲ, ಆದರೂ ಒಡೆಯನೇ ತೋಟದಲ್ಲಿದ್ದರೆ ಆಗದಿದ್ದ ನಷ್ಟ ಆಯಿತು. ಏಜೆನ್ಸಿ ಕಾಸ್ಟ್ ಎಂದರೆ ಮೋಸವೆಂದೇ ತಿಳಿಯುವವರಿಗೆ ಇದನ್ನು ಒತ್ತಿ ಹೇಳಬೇಕಾಗುತ್ತದೆ.

ಈ ಅರ್ಥಕ್ಕೆ ‘ಪಾರುಪತ್ಯ’ ಹೊಂದುತ್ತದೆಂಬುದು ನನ್ನ ಅನಿಸಿಕೆ. ಬ್ರಿಟಿಷರ ಕಾಲದ ಕೊಡಗಿನಲ್ಲಿ ತಾಲ್ಲೂಕಿಗೆ ಸುಬೇದಾರರೂ ಅವರ ಕೆಳಗೆ ನಾಡಿಗೆ ಪಾರುಪತ್ಯಗಾರರೂ ಇದ್ದರು. ಇತರ ಕಡೆಗಳಲ್ಲಿ ದೇವಸ್ಥಾನದ ಪಾರುಪತ್ಯಗಾರರನ್ನು ಎಲ್ಲರೂ ಬಲ್ಲರು. ಎರಡರಲ್ಲಿಯೂ ಪರರ ಸೊತ್ತು, ಕೈಯಲ್ಲಿರುವ ಅಧಿಕಾರ, ಲೆಕ್ಕ ಒಪ್ಪಿಸುವ ಹೊಣೆ ಈ ಮೂರೂ ಕೂಡಿವೆ. ‘ಪ್ರತಿನಿಧಿ’ಯಲ್ಲಿ ಅಧಿಕಾರದ ಅಂಶ ತೆಳುವಾಗಿದೆ, ‘ಮುಖ್ತ್ಯಾರ’ ಸ್ಟಾಂಪ್ ಕಾಗದವನ್ನು ಬಿಟ್ಟು ಹೊರಬರುವುದಿಲ್ಲ, ‘ನಿಯೋಗ’ವೆಂದರೆ ಮಂತ್ರಿಗಳಿಗೆ ಮನವಿ ಕೊಡಲು ಹೊರಟವರೇ ಕಣ್ಣಿಗೆ ಬರುತ್ತಾರೆ (ಭಾರತ ಓದಿದವರಿಗೆ ಬೇರೇನೋ ನೆನಪಾದೀತು). ಒಕ್ಕದ (ಕೊಡವರ ಕೂಡುಮನೆತನದ) ಜಮೀನನ್ನು ಎಲ್ಲರ ಪರವಾಗಿ ನೋಡಿಕೊಳ್ಳುವ ಪಟ್ಟೆದಾರರ ಹೆಸರಿನಿಂದ ಪದ ಮಾಡಬಹುದೆಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ಆದರೆ ಪಟ್ಟೆದಾರರು ಸ್ವತಃ ಪಾಲುದಾರರು; ಷೇರಿನ ಒಂದು ಭಾಗವನ್ನು ಹೊರಗಿನವರಿಗೆ ಮಾರಿ ತಾನೇ ಆಡಳಿತ ನಡೆಸುವ ಮಾಲೀಕನೆಂಬ ಜೆನ್ಸನ್–ಮೆಕ್ಲಿಂಗರ ಮಾದರಿಗೆ ಅದು ಹತ್ತಿರವಾದರೂ, ಪಾಲೇ ಇಲ್ಲದ ಮ್ಯಾನೇಜರಿಗೆ ಹೊಂದದು.

ಒಳಭಾಗಗಳಿಗೆ ‘ಉಸ್ತುವಾರಿ ವೆಚ್ಚ’, ‘ಮುಚ್ಚಳಿಕೆ ವೆಚ್ಚ’, ‘ಉಳಿಕೆ ನಷ್ಟ’ ಎಂದು ಸದ್ಯಕ್ಕೆ ಬಳಸುತ್ತಿದ್ದೇನೆ. ಕೊನೆಯದರಲ್ಲಿ ‘ಉಳಿಕೆ’ ಎಂದೊಡನೆ ಉಳಿತಾಯದ ಛಾಯೆ ಬರುವುದರಿಂದ ‘ತಪ್ಪದ ನಷ್ಟ’ ಎನ್ನುವುದು ವಾಸಿಯೇನೋ.

ನನ್ನ ನಿಜವಾದ ತೊಡಕು ಸಾಲದ ಭಾಗದಲ್ಲಿದೆ. ಅದೇ ಪ್ರಬಂಧವು ಷೇರುದಾರರಿಗೂ ಸಾಲ ಕೊಟ್ಟವರಿಗೂ ನಡುವಿನ ಇಂಥ ವೆಚ್ಚವನ್ನೂ ಇದೇ ಹೆಸರಿನಿಂದ ಕರೆದು, ಎರಡೂ ಬಗೆಯ ವೆಚ್ಚಗಳ ಮೊತ್ತ ಅತಿ ಕಡಿಮೆಯಾಗುವಂತೆ ಸಾಲ ಮತ್ತು ಷೇರು ಬಂಡವಾಳದ ಪ್ರಮಾಣ ನಿಲ್ಲುತ್ತದೆಂದು ವಾದಿಸುತ್ತದೆ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಪದ ಕೊಟ್ಟರೆ ವಾದದ ಎಳೆಯೇ ತುಂಡಾಗುತ್ತದೆ. ಸೀಮಿತ ಹೊಣೆಯ (ಷೇರುದಾರರು ತಾವು ಹಾಕಿದ ಹಣಕ್ಕಷ್ಟೇ ಹೊಣೆಯಾಗುವ) ಕಂಪನಿಯೊಂದು ತೋಟಕ್ಕೆ ಸುಣ್ಣ, ಗೊಬ್ಬರವೆಂದು ಬ್ಯಾಂಕಿನಿಂದ ಸಾಲ ತಂದು, ಆ ಹಣವನ್ನು ಗೇಣಿಗೆ ಹಿಡಿದ ಗದ್ದೆಯಲ್ಲಿ ಶುಂಠಿ ಬೆಳೆಯಲು ಹಾಕಿದರೆ, ಬೆಲೆ ಏರಿದಾಗ ಲಾಭ ಷೇರುದಾರರದು, ಬಿದ್ದಾಗ ನಷ್ಟದ ದೊಡ್ಡ ಪಾಲು ಬ್ಯಾಂಕಿನದು. ಇಲ್ಲಿ ಷೇರುದಾರರನ್ನು ಬ್ಯಾಂಕಿನ ಪಾರುಪತ್ಯಗಾರರೆಂದು ಕರೆದರೆ ಯಾವ ಕೊಡಗಿನವರಾದರೂ ನಗುತ್ತಾರೆ, ಏಕೆಂದರೆ ಸಾಲ ತಂದವನು ಸಾಲ ಕೊಟ್ಟವನ ಸೊತ್ತನ್ನು ನೋಡಿಕೊಳ್ಳುತ್ತಿದ್ದಾನೆಂಬ ಭಾವನೆ ಕನ್ನಡದ ವ್ಯವಹಾರದಲ್ಲಿ ಇಲ್ಲ.

ಆದ್ದರಿಂದ ಬಲ್ಲವರಲ್ಲಿ ಎರಡು ಪ್ರಶ್ನೆಗಳು. ಹಳೆಯ ಕಡತ, ಬಖೈರು, ದೇವಸ್ಥಾನದ ಲೆಕ್ಕಗಳಲ್ಲಿ ‘ಪಾರುಪತ್ಯ’ವು ಸಾಲದ ಅಥವಾ ಒತ್ತೆಯ ಸಂದರ್ಭದಲ್ಲಿ ಬಂದದ್ದನ್ನು ಯಾರಾದರೂ ಕಂಡಿದ್ದೀರಾ? ಇಲ್ಲವಾದರೆ, ‘ಪರರ ಹಣ ಕೈಯಲ್ಲಿರುವುದು’ ಎಂಬಷ್ಟೇ ಅರ್ಥವನ್ನು ಹೊತ್ತು, ರೈಟರಿಗೂ ಸಾಲಗಾರನಿಗೂ ಒಟ್ಟಿಗೆ ಸಲ್ಲುವ ಬೇರೆ ಪದ ನಿಮ್ಮ ಕಡೆಯ ಆಡುಮಾತಿನಲ್ಲಿ ಇದೆಯೇ?