ವಾಸದ ಬಡಾವಣೆಯಲ್ಲಿ ಪಾರ್ಟಿ ಹಾಲ್: ತಡೆಯೋಕೆ ದಾರಿ ಇದೆಯಾ?

ಸರಸ್ವತಿಪುರಂ ನಿವಾಸಿ:
ನಮ್ಮ ಅಡ್ಡರಸ್ತೆಯ ಮೂಲೆಯಲ್ಲಿದ್ದ ಹೆಂಚಿನ ಮನೆ ಮಾರಾಟವಾಯ್ತು. ಕೊಂಡವರು ಅದನ್ನು ಕೆಡವಿ ಮೂರಂತಸ್ತು ಎತ್ತಿದರು, ಮನೆಯೇ ಇರಬೇಕು ಅಂತ ಎಲ್ಲರೂ ಸುಮ್ನಿದ್ದೆವು. ಈಗ ನೋಡಿದರೆ ಟೆರೇಸಿಗೆ ಶೀಟ್ ಹಾಕಿ ಸ್ಪೀಕರ್ ಏರಿಸುತ್ತಿದ್ದಾರೆ, ಕೆಳಗೆ ಕಾರು ನಿಲ್ಲಿಸೋ ಜಾಗದಲ್ಲಿ ಗೋಡೆ ಕಟ್ಟಿ ದೊಡ್ಡ ಗ್ಯಾಸ್ ಒಲೆಗಳನ್ನು ಇಳಿಸಿದ್ದಾರೆ. ಪಾರ್ಟಿ ಹಾಲ್ ಅಂತೆ. ಕೇಳಿದರೆ "ಕಮರ್ಷಿಯಲ್ ಮೀಟರ್ ಹಾಕಿಸಿದ್ದೀವಿ, ಟ್ಯಾಕ್ಸ್ ಕಟ್ಟುತ್ತೀವಿ, ನಿಮಗೇನ್ರೀ ಕಷ್ಟ" ಅನ್ನುತ್ತಾರೆ. ಎರಡು ಕಾರು ಎದುರುಬದುರು ಬಂದರೆ ಒಂದು ಹಿಂದಕ್ಕೆ ಹೋಗಬೇಕಾದ ರಸ್ತೆ ಇದು. ಏನು ಮಾಡಬಹುದು?

ನಕ್ಷೆ ನೋಡುವವ:
ಮೀಟರ್, ಟ್ಯಾಕ್ಸ್ ಎರಡೂ ಅನುಮತಿ ಅಲ್ಲ ಸರ್. ಈ ಮಾತನ್ನು ಎಲ್ಲಾ ಕಡೆ ಹೇಳುತ್ತಾರೆ, ಜನ ನಂಬಿಯೂ ಬಿಡುತ್ತಾರೆ. ಜಾಗ ಯಾವ ವಲಯದಲ್ಲಿದೆ ಅಂತ ಹೇಳೋದು ಮಾಸ್ಟರ್ ಪ್ಲಾನ್. ಮೈಸೂರಿಗೆ 2031ರವರೆಗಿನ ಪ್ಲಾನ್ ಇದೆ. ಅದರ ವಲಯ ನಿಯಮಗಳಲ್ಲಿ ವಾಸದ ಜಾಗದಲ್ಲಿ ಏನು ಮಾಡಬಹುದು, ಯಾವುದಕ್ಕೆ ಎಷ್ಟು ಅಗಲದ ರಸ್ತೆ ಬೇಕು ಅಂತ ಇರುತ್ತೆ, ಮೊದಲು ಅದನ್ನು ನೋಡಿ. ಮನೆಯಿಂದ ವಾಣಿಜ್ಯಕ್ಕೆ ಬದಲಾಯಿಸಬೇಕಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಸೆಕ್ಷನ್ ಪ್ರಕಾರ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯಬೇಕು. ಪತ್ರಿಕೆಯ ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಅಚ್ಚಾಗುತ್ತಲ್ಲ, ಅದೇ. ಯಾರೂ ಓದಲ್ಲ.

ಈಗ ಮಾಡಬೇಕಾದ್ದು ಮಾಹಿತಿ ಹಕ್ಕಿನಲ್ಲಿ ಮಂಜೂರಾದ ನಕ್ಷೆ ಕೇಳೋದು. ನಕ್ಷೆಯಲ್ಲಿ ಪಾರ್ಕಿಂಗ್ ಅಂತ ತೋರಿಸಿ ಅಲ್ಲಿ ಅಡುಗೆಮನೆ ಮಾಡಿದ್ದರೆ ಪಾಲಿಕೆಗೆ ಕೊಡೋ ದೂರಿಗೆ ಅದೊಂದೇ ಸಾಕು. "ಬಡಾವಣೆಯ ಶಾಂತಿ ಹಾಳಾಗುತ್ತಿದೆ" ಅಂತ ಎರಡು ಪುಟ ಬರೆದರೆ ಫೈಲಿನಲ್ಲಿ ಮಲಗುತ್ತೆ. ಅವರಿಗೆ ಉದ್ದಿಮೆ ಪರವಾನಗಿ (ಟ್ರೇಡ್ ಲೈಸೆನ್ಸ್) ಆಗುವ ಮೊದಲೇ ದೂರು ಕೊಡಿ, ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಹಳೇ ಅಗ್ರಹಾರದವಳು:
1903ರಲ್ಲಿ ಇಲ್ಲಿ ಊರು ಸುಧಾರಿಸೋಕೆ ಅಂತ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಗಿದ್ದು ಪ್ಲೇಗಿನ ಭಯದ ಕಾಲದಲ್ಲಿ. ಗಾಳಿ ಬೆಳಕು ಆಡಲಿ ಅಂತಲೇ ಮನೆ ಸುತ್ತ ಜಾಗ, ಹಿಂದೆ ಕನ್ಸರ್ವೆನ್ಸಿ (ಕಸ, ಚರಂಡಿ ಕೆಲಸಕ್ಕೆ ಬಿಟ್ಟ ಓಣಿ) ಎಲ್ಲಾ ಬಂತು. ಈಗ ಮನೆ ಸುತ್ತಲಿನ ಆ ಜಾಗ, ಸೆಟ್‌ಬ್ಯಾಕ್, ಬಿಡಿ ಅಂದರೆ ಇಂಚು ಇಂಚಿಗೂ ರೇಟ್ ಹೇಳುತ್ತಾರೆ.

ಸ್ಪೀಕರ್ ವಿಷಯ ಬೇರೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಇದೆ. ರಾತ್ರಿ 10ರಿಂದ ಬೆಳಿಗ್ಗೆ 6 ರಾತ್ರಿ ಲೆಕ್ಕ. ಅದಕ್ಕೆ ಪೊಲೀಸರಿಗೆ ದೂರು ಕೊಡಿ, ನಕ್ಷೆಯ ದೂರಿನ ಜೊತೆ ಕಲಸಬೇಡಿ.

ಪಿಜಿ ಹುಡುಗ:
ಬೇಜಾರು ಮಾಡ್ಕೋಬೇಡಿ, ಒಂದು ಮಾತು. "ಬಡಾವಣೆಯ ಸ್ವರೂಪ ಉಳಿಸಿ" ಅಂತ ಶುರು ಮಾಡಿದವರು ಆಮೇಲೆ ನಮ್ಮಂಥವರ ಮೇಲೆ ಬರುತ್ತಾರೆ. ನಾನಿದ್ದ ರಸ್ತೆಯಲ್ಲಿ ಬ್ಯಾಚುಲರ್‌ಗಳಿಗೆ ಮನೆ ಕೊಡಬಾರದು ಅಂತ ಸಂಘದವರು ಸಭೆ ಮಾಡಿ ತೀರ್ಮಾನಿಸಿದರು, ಇಸ್ತ್ರಿ ಗಾಡಿಯವರನ್ನೂ ಎಬ್ಬಿಸಿದರು. ಅದೇ ಸಂಘದ ಹಿರಿಯರೊಬ್ಬರು ಮನೆ ಕೆಳಗೆ ಟ್ಯೂಷನ್ ಕ್ಲಾಸಿಗೆ ಬಾಡಿಗೆ ಕೊಟ್ಟಿದ್ದರು, ಸಂಜೆ ರಸ್ತೆ ತುಂಬಾ ಸ್ಕೂಟರ್. ಅದರ ಬಗ್ಗೆ ಒಬ್ಬರೂ ಉಸಿರೆತ್ತಲಿಲ್ಲ.

ನಕ್ಷೆ ನೋಡುವವ:
ನಿಜ ಮಾರಾಯ. ಅದಕ್ಕೇ ಸ್ವರೂಪ ಗಿರೂಪ ಅಂತ ಹೋಗಬೇಡಿ ಅನ್ನೋದು. ಮನೆಯ ಒಂದು ಭಾಗದಲ್ಲಿ ಡಾಕ್ಟರ್, ವಕೀಲರು ಕೂರೋದಕ್ಕೆ ವಲಯ ನಿಯಮಗಳೇ ಸಾಮಾನ್ಯವಾಗಿ ಅವಕಾಶ ಕೊಡುತ್ತವೆ. ಮೊಸರು ಅಂಗಡಿ ಇಲ್ಲದ ಬಡಾವಣೆ ಯಾರಿಗೆ ಬೇಕು? ಇನ್ನೂರು ಜನ ಸೇರೋ ಹಾಲ್ ಬೇರೆ. ಅದಕ್ಕೆ ಬರೋ ಕಾರುಗಳು ಇವರ ಗೇಟಿನ ಮುಂದೆಯೇ ನಿಲ್ಲೋದು.

ಅಧಿಕಾರಿಗಳು "ನಿಮಗೇನು ಸಂಬಂಧ" ಅಂದರೆ 1991ರ ಮುದ್ದಪ್ಪ ಪ್ರಕರಣ ಹೇಳಿ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಕ್ಕಪಕ್ಕದವರು ಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟ್‌ನಲ್ಲೂ ಅವರೇ ಗೆದ್ದರು. ಅಲ್ಲಿ ವಾಸ ಮಾಡುವವರಿಗೆ ಪ್ರಶ್ನಿಸೋ ಹಕ್ಕಿದೆ ಅಂತ ಅದರಲ್ಲಿ ಸ್ಪಷ್ಟವಾಗಿದೆ.

ಸರಸ್ವತಿಪುರಂ ನಿವಾಸಿ:
ಥ್ಯಾಂಕ್ಸ್. ನಾಳೆ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇನೆ. ಒಲೆಗಳ ಫೋಟೋ ಇವತ್ತೇ ತೆಗೆದಿಟ್ಟಿದ್ದೇನೆ, ಆಮೇಲೆ ಶಟರ್ ಇಳಿಸಿಬಿಟ್ಟರೆ ಕಷ್ಟ. ಅರ್ಜಿ ನನ್ನೊಬ್ಬನ ಹೆಸರಲ್ಲಿ ಹಾಕಲಾ, ಅಥವಾ ರಸ್ತೆಯವರೆಲ್ಲ ಸಹಿ ಮಾಡಬೇಕಾ?

ಹಳೇ ಅಗ್ರಹಾರದವಳು:
ಮಾಹಿತಿ ಹಕ್ಕಿಗೆ ನಿಮ್ಮ ಒಂದು ಸಹಿ ಸಾಕು. ದೂರಿಗೆ ಮಾತ್ರ ಎಲ್ಲರ ಸಹಿ ಹಾಕಿಸಿ, ಬಾಡಿಗೆಗೆ ಇರುವವರದ್ದೂ.